ಕಾಲು ಹೋದದ್ದು ಸೂಜಿಯಿಂದಲ್ಲ

"ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರಂತೆ. ಆಮೇಲೆ ಅವನಿಗೆ ಏಳ್ಲಿಕ್ಕೇ ಆಗ್ಲಿಲ್ಲವಂತೆ."

ಕೇರಳದ ಗಡಿಜಿಲ್ಲೆ ಕಾಸರಗೋಡಿನ ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮದುವೆ ಚಪ್ಪರಗಳಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಸೂಜಿ ಹಾಕಿದ್ದೂ ನಿಜ, ಕಾಲು ಹೋದದ್ದೂ ನಿಜ. ಅವೆರಡರ ನಡುವೆ ಹಾಕಿದ ಗಂಟು ಮಾತ್ರ ತಪ್ಪು. ಮೂವತ್ತು ವರ್ಷ ಲ್ಯಾಬಿನಲ್ಲಿ ಕೂತು ಜನರ ಕಫ, ರಕ್ತ, ಬೆನ್ನಿನ ನೀರು ಪರೀಕ್ಷೆ ಮಾಡಿದವನು ನಾನು. ಅದೇ ತಪ್ಪು ನಮ್ಮ ಮನೆಯೊಳಗೆ ನಡೆದಾಗ ತಡೆಯಲು ನನಗೂ ಮೂರು ದಿನ ಬೇಕಾಯಿತು.

ಸಣ್ಣತ್ತೆಯ ಮಗ, ನನಗೆ ಭಾವ. ವಯಸ್ಸು 34, ಅಡಿಕೆ ತೋಟ. ಒಂದು ಮಳೆಗಾಲ, ಅಡಿಕೆಗೆ ಮದ್ದು ಬಿಡುವ ಹೊತ್ತಿಗೆ ಅವನಿಗೆ ತಲೆನೋವು ಸುರುವಾಯಿತು. ಬೋರ್ಡೋ ದ್ರಾವಣದ ವಾಸನೆ ತಲೆಗೇರಿದೆ ಅಂದರು. ಸಂಜೆ ಹೊತ್ತು ಸಣ್ಣ ಜ್ವರ. ಮಳೆಯಲ್ಲಿ ನೆನೆದದ್ದಕ್ಕೆ ಅಂದರು. ಮೂರು ವಾರ ಹೀಗೇ ಹೋಯಿತು. ಆಮೇಲೆ ವಾಂತಿ, ಮಂಪರು, ಕರೆದರೆ ತಡವಾಗಿ ಓಗೊಡುವುದು. ಮಂಗಳೂರಿಗೆ ಕರೆದುಕೊಂಡು ಹೋದೆವು. ಬೆನ್ನಿನಿಂದ ನೀರು ತೆಗೆದು ನೋಡಿ, ಮೆದುಳ ಪೊರೆಗೆ ಟಿಬಿ ಎಂದರು. ಮಾತ್ರೆ ಸುರು ಮಾಡಿದ ಹತ್ತು ದಿನದಲ್ಲಿ ಎದ್ದು ಕೂತ. ಮನೆಗೂ ಬಂದ.

ಏಳನೇ ವಾರ ಒಂದು ದಿನ, "ಸೊಂಟಕ್ಕೆ ಯಾರೋ ಒದ್ದೆ ಬೈರಾಸು ಬಿಗಿದು ಕಟ್ಟಿದ ಹಾಗಾಗ್ತದೆ ಭಾವ" ಎಂದ. ಎರಡು ದಿನ ಕಳೆದು ಕಾಲು ಭಾರ. ಅಂಗಳ ದಾಟುವಾಗ ಒಂದು ಚಪ್ಪಲಿ ಜಾರಿ ಹಿಂದೆ ಉಳಿದಿತ್ತು. ಅವನಿಗೆ ಅದು ಗೊತ್ತೇ ಆಗಿರಲಿಲ್ಲ. ಅದೇ ವಾರ ಮೂತ್ರ ಕಟ್ಟಿತು. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ನಿಶ್ಶಕ್ತಿ ಎಂದು ವಿಟಮಿನ್ ಇಂಜೆಕ್ಷನ್ ಕೊಟ್ಟು ಕಳಿಸಿದರು. ಅತ್ತೆ ಅಷ್ಟರಲ್ಲಿ ತೀರ್ಮಾನಕ್ಕೆ ಬಂದಾಗಿತ್ತು. ಆ ಸೂಜಿಯೇ ಕಾರಣ, ಮೇಲಿಂದ ಈ ಉಷ್ಣದ ಮಾತ್ರೆ ಬೇರೆ. ಮಾತ್ರೆಯ ಪಟ್ಟಿಯನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದರು.

ಹಾಗಾದರೆ ಕಾಲಿಗೆ ನಿಜವಾಗಿ ಆದದ್ದೇನು?

ಸುರಂಗದ ಲೆಕ್ಕ

ನಮ್ಮ ಊರಿನವರಿಗೆ ಇದನ್ನು ಹೇಳುವುದು ಸುಲಭ. ಬಾಯಾರು, ಪೈವಳಿಕೆ, ಪಡ್ರೆ ಕಡೆ ಹುಟ್ಟಿದವರಿಗೆ ಸುರಂಗ ಗೊತ್ತಲ್ವಾ? ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಬ್ಬ ಮನುಷ್ಯ ಹೋಗುವಷ್ಟೇ ಅಗಲ ಮಾಡಿ, ಒಳಗಿನ ಒಸರನ್ನು ಹೊರಗೆ ತರುವ ದಾರಿ. ನಮ್ಮ ಬೆನ್ನಿನೊಳಗೂ ಅಂಥದೊಂದು ಸುರಂಗ ಇದೆ. ಮೂಳೆಯ ಮಣಿಗಳು ಒಂದರ ಮೇಲೊಂದು ಕೂತಿವೆ. ಪ್ರತಿ ಮಣಿಯ ಹಿಂದೆ ಒಂದು ಬಳೆ. ಬಳೆಗಳೆಲ್ಲ ಸಾಲಾಗಿ ನಿಂತಾಗ ಅದೇ ಸುರಂಗ. ಅದರೊಳಗೆ ಮೆದುಳಿನಿಂದ ಇಳಿದು ಬಂದ ಬೆನ್ನುಹುರಿ. ಕಿರುಬೆರಳಿನ ದಪ್ಪ, ದೊಡ್ಡವರಲ್ಲಿ ಸುಮಾರು 45 ಸೆಂಟಿಮೀಟರ್ ಉದ್ದ. ಅದರಿಂದ ಎಡಕ್ಕೂ ಬಲಕ್ಕೂ 31 ಜೊತೆ ನರಬೇರುಗಳು ಹೊರಡುತ್ತವೆ.

ಹುರಿಯ ಸುತ್ತ ಮೂರು ಪೊರೆ. ಒಳಗಿನ ಎರಡು ಪೊರೆಗಳ ನಡುವೆ ತಿಳಿನೀರು. ಮೆದುಳನ್ನು ಸುತ್ತಿರುವ ನೀರೂ ಇದೇ. ಎಲ್ಲ ಸೇರಿ 150 ಮಿಲಿಲೀಟರ್ ಅಷ್ಟೇ, ಒಂದು ಗ್ಲಾಸು ಚಹಾದಷ್ಟು. ಆದರೆ ದಿನಕ್ಕೆ ಅರ್ಧ ಲೀಟರಿನಷ್ಟು ಹೊಸದಾಗಿ ಒಸರುತ್ತದೆ, ಹಳೆಯದು ಇಂಗುತ್ತದೆ. ಹರಿಯುವ ನೀರು ಇದು.

ಸುರಂಗ ಹಾಳಾಗುವುದು ಹೇಗೆ? ಗೋಡೆ ಕುಸಿಯಬಹುದು. ಹೂಳು ಕಟ್ಟಬಹುದು. ಒಳಗೆ ಎಳೆದ ಪೈಪಿಗೇ ಪೆಟ್ಟಾಗಬಹುದು. ಟಿಬಿ ಈ ಮೂರನ್ನೂ ಮಾಡುತ್ತದೆ. ಭಾವನದು ಹೂಳಿನ ಕಥೆ.

ಈಗ ಸೂಜಿಯ ವಿಷಯ. ಬೆನ್ನುಹುರಿ ಸುರಂಗದ ಕೊನೆಯವರೆಗೆ ಇಳಿಯುವುದಿಲ್ಲ. ದೊಡ್ಡವರಲ್ಲಿ ಅದು ಸೊಂಟದ ಒಂದನೇ ಅಥವಾ ಎರಡನೇ ಮಣಿಯ ಹತ್ತಿರವೇ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಹುರಿ ಇಲ್ಲ, ನೀರಿನಲ್ಲಿ ತೇಲುವ ನರಬೇರುಗಳ ಗೊಂಚಲು ಮಾತ್ರ. ಅದಕ್ಕೆ ವೈದ್ಯರು ಕುದುರೆ ಬಾಲ ಎಂದೇ ಹೆಸರಿಟ್ಟಿದ್ದಾರೆ. ಸೂಜಿ ಹಾಕುವುದು ಮೂರನೇ ಮತ್ತು ನಾಲ್ಕನೇ ಮಣಿಯ ನಡುವೆ, ಇಲ್ಲವೇ ಅದಕ್ಕೂ ಒಂದು ಮಣಿ ಕೆಳಗೆ. ಸೂಜಿ ಬಂದರೆ ತೇಲುವ ಎಳೆಗಳು ಪಕ್ಕಕ್ಕೆ ಸರಿಯುತ್ತವೆ. ತೊಟ್ಟಿಯ ನೀರಿಗೆ ಕಡ್ಡಿ ಹಾಕಿದರೆ ಪಾಚಿ ಸರಿಯುವುದಿಲ್ವಾ, ಹಾಗೆ. ಸೂಜಿಯ ನಂತರ ಒಂದೆರಡು ದಿನ ತಲೆನೋವು ಬರಬಹುದು, ಅದು ಸಾಮಾನ್ಯ. ಮೆದುಳಿನಲ್ಲಿ ಒತ್ತಡ ತುಂಬಾ ಇದ್ದರೆ, ಅಥವಾ ಬೆನ್ನಿನ ದಾರಿ ಮೇಲೆಲ್ಲೋ ಪೂರ್ತಿ ಕಟ್ಟಿದ್ದರೆ, ನೀರು ತೆಗೆಯುವಾಗ ಜಾಸ್ತಿ ಎಚ್ಚರ ಬೇಕು. ಅದಕ್ಕೇ ಮೊದಲು ಕಣ್ಣಿನ ಒಳಭಾಗ ನೋಡುವುದು, ಸ್ಕ್ಯಾನ್ ಮಾಡುವುದು. ಆದರೆ ಏಳು ವಾರದ ಹಿಂದಿನ ಸೂಜಿ ಇವತ್ತು ಕಾಲು ಬೀಳಿಸಿತು ಎಂಬ ಲೆಕ್ಕ ಕೂಡಿಬರುವುದಿಲ್ಲ.

ಹೂಳು ಎಲ್ಲಿಂದ ಬಂತು

ಟಿಬಿ ಸಾಮಾನ್ಯವಾಗಿ ಗಾಳಿಯಲ್ಲಿ ಬಂದು ಶ್ವಾಸಕೋಶದಲ್ಲಿ ಇಳಿಯುತ್ತದೆ. ಅಲ್ಲಿಂದ ಕೆಲವು ರೋಗಾಣುಗಳು ರಕ್ತದ ಜೊತೆ ಮೆದುಳಿನ ಮೇಲ್ಪದರಕ್ಕೋ ಪೊರೆಯ ಬದಿಗೋ ಹೋಗಿ ಸಣ್ಣ ಗಂಟಾಗಿ ಕೂರುತ್ತವೆ. ವರ್ಷಗಟ್ಟಲೆ ಸುಮ್ನೆ ಇರಬಹುದು. ಒಂದು ದಿನ ಆ ಗಂಟು ಒಡೆದು ತಿಳಿನೀರಿಗೆ ಬಿದ್ದರೆ ಪೊರೆಯ ಟಿಬಿ ಸುರುವಾಗುತ್ತದೆ. ಆರ್ನಾಲ್ಡ್ ರಿಚ್ ಮತ್ತು ಮೆಕಾರ್ಡಾಕ್ ಎಂಬ ರೋಗಶಾಸ್ತ್ರಜ್ಞರು 1933ರಲ್ಲಿ ಇದನ್ನು ತೋರಿಸಿಕೊಟ್ಟರು. ಈಗಲೂ ಅದನ್ನು ರಿಚ್ ಗಂಟು ಎಂದೇ ಕರೆಯುತ್ತಾರೆ.

ನೀರಿಗೆ ಬಿದ್ದದ್ದೇ ತಡ, ಮೈಯ ರೋಗನಿರೋಧಕ ಪಡೆ ಮೇಲೇರಿ ಬರುತ್ತದೆ. ಆ ಜಗಳದಲ್ಲಿ ಒಂದು ಅಂಟು ಹುಟ್ಟುತ್ತದೆ. ಹಲಸಿನ ಮೇಣದ ಹಾಗೆ ದಪ್ಪ. ಮೊದಲು ಮೆದುಳಿನ ಬುಡದಲ್ಲಿ ಕಟ್ಟುತ್ತದೆ. ಆಮೇಲೆ ನೀರಿನ ಜೊತೆ ಬೆನ್ನಿನ ಸುರಂಗಕ್ಕೂ ಇಳಿಯುತ್ತದೆ. ತೇಲಬೇಕಾದ ನರಬೇರುಗಳು ಒಂದಕ್ಕೊಂದು ಅಂಟುತ್ತವೆ, ಪೊರೆಗೂ ಅಂಟುತ್ತವೆ. ನೀರಿನ ದಾರಿ ಅಲ್ಲಲ್ಲಿ ಕಟ್ಟಿ ಕುಳಿ ಕುಳಿಯಾಗುತ್ತದೆ. ಎದೆಯ ಭಾಗದಲ್ಲಿ ಈ ಅಂಟು ಹುರಿಯನ್ನು ಸುತ್ತಿ ಹಿಂಡುತ್ತದೆ. ವೈದ್ಯರ ಭಾಷೆಯಲ್ಲಿ ಇದು ಅರಾಕ್ನಾಯ್ಡೈಟಿಸ್. ಬೇರು ಮತ್ತು ಹುರಿ ಎರಡಕ್ಕೂ ತಗುಲಿದರೆ ರೇಡಿಕ್ಯುಲೋಮಯಲೈಟಿಸ್. ಹೆಸರು ಬಾಯಿಪಾಠ ಮಾಡಬೇಕಾಗಿಲ್ಲ. ಬೈರಾಸು ಬಿಗಿದ ಹಾಗೆ ಸೊಂಟದ ಸುತ್ತ ಬಂದ ನೋವು ಅಂಟಿಕೊಂಡ ಬೇರುಗಳದ್ದು ಎಂಬುದು ನೆನಪಿದ್ದರೆ ಸಾಕು.

ಇದಕ್ಕೆ ಲ್ಯಾಬಿನಲ್ಲೂ ಗುರುತು ಇದೆ. ಒಳ್ಳೆಯ ಬೆನ್ನಿನ ನೀರು ಬಾವಿ ನೀರಿನಷ್ಟು ತಿಳಿ. ಒಂದು ಡೆಸಿಲೀಟರಿಗೆ 15ರಿಂದ 45 ಮಿಲಿಗ್ರಾಮ್ ಪ್ರೋಟೀನ್. ಪೊರೆಯ ಟಿಬಿಯಲ್ಲಿ ಪ್ರೋಟೀನ್ ಏರುತ್ತದೆ, ಸಕ್ಕರೆ ಇಳಿಯುತ್ತದೆ, ಲಿಂಫೋಸೈಟ್ ಎಂಬ ಬಿಳಿ ಕಣಗಳು ಜಾಸ್ತಿಯಾಗುತ್ತವೆ. ನಳಿಕೆಯನ್ನು ಅಲುಗಾಡಿಸದೆ ಇಟ್ಟರೆ ಮೇಲೆ ಜೇಡನ ಬಲೆಯಂಥ ತೆಳು ಪರೆ ಕಟ್ಟುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯರು ಅದನ್ನು ತೋರಿಸಿ, "ಇದನ್ನು ಚೆಲ್ಲಬೇಡ ಮಾರಾಯ, ರೋಗಾಣು ಸಿಕ್ಕಿದರೆ ಇದರಲ್ಲೇ ಸಿಗುವುದು" ಎಂದಿದ್ದರು. ಬೆನ್ನಿನ ದಾರಿ ಪೂರ್ತಿ ಕಟ್ಟಿದ್ದರೆ ಪ್ರೋಟೀನ್ ಸಾವಿರವನ್ನೂ ದಾಟಬಹುದು. ಆಗ ನೀರು ಹಳದಿ. ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಹೆಪ್ಪುಗಟ್ಟುತ್ತದೆ. ಕೆಲವೊಮ್ಮೆ ಸೂಜಿ ಸರಿಯಾದ ಜಾಗದಲ್ಲೇ ಇದ್ದರೂ ಒಂದು ಹನಿಯೂ ಬರುವುದಿಲ್ಲ.

ರೋಗಾಣು ಕಣ್ಣಿಗೆ ಬೀಳುವುದು ಮಾತ್ರ ಅಪರೂಪ. ಕಫದಲ್ಲಿ ನೀಲಿ ಹಿನ್ನೆಲೆಯ ಮೇಲೆ ಕೆಂಪು ಕಡ್ಡಿಗಳು ಎಷ್ಟೋ ಸಲ ಸಿಕ್ಕಿವೆ. ಬೆನ್ನಿನ ನೀರಿನಲ್ಲಿ ಗಂಟೆಗಟ್ಟಲೆ ಹುಡುಕಿದರೂ ಸಿಗದ ದಿನಗಳೇ ಜಾಸ್ತಿ. ಬೆಳೆಸಿ ನೋಡೋಣ ಅಂದರೆ ವಾರಗಟ್ಟಲೆ ಬೇಕು. ಹೊಟ್ಟೆಯ ಇ-ಕೋಲೈ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾದರೆ, ಟಿಬಿ ರೋಗಾಣುವಿಗೆ ಅದಕ್ಕೆ ಹತ್ತಿರ ಹತ್ತಿರ ಒಂದು ದಿನ ಬೇಕು. ಈಗ ಸಿಬಿ-ನ್ಯಾಟ್, ಟ್ರೂನ್ಯಾಟ್ ಎಂಬ ಯಂತ್ರಗಳು ಎರಡು ಗಂಟೆಯ ಆಸುಪಾಸಿನಲ್ಲಿ ರೋಗಾಣುವಿನ ವಂಶದ್ರವ್ಯವನ್ನೇ ಹುಡುಕುತ್ತವೆ, ರಿಫಾಂಪಿಸಿನ್ ಮದ್ದಿಗೆ ಅದು ಬಗ್ಗುತ್ತದೋ ಇಲ್ಲವೋ ಎಂದೂ ಹೇಳುತ್ತವೆ. ಆದರೆ ಅವೂ ಬೆನ್ನಿನ ನೀರಿನಲ್ಲಿ ತಪ್ಪಿಸಿಕೊಳ್ಳುವ ರೋಗಾಣುವಿನ ಮುಂದೆ ಸೋಲುತ್ತವೆ. 'ಇಲ್ಲ' ಎಂದು ಬಂದರೆ ಟಿಬಿ ಇಲ್ಲ ಎಂದು ಅರ್ಥವಲ್ಲ. ರಿಪೋರ್ಟ್ ಸರಿ ಬರಲಿಲ್ಲ, ಸುಮ್ನೆ ಮದ್ದು ಕೊಡುತ್ತಿದ್ದಾರೆ ಎಂದು ಸಿಟ್ಟಾಗುವವರಿಗೆ ನಾನು ಇದನ್ನೇ ಹೇಳುವುದು.

ಮದ್ದು ಸುರುವಾದ ಮೇಲೆ ಯಾಕೆ?

ಜನರಿಗೆ ಅರ್ಥವಾಗದೆ ಉಳಿಯುವುದು ಈ ಒಂದು ಪ್ರಶ್ನೆ. ತಲೆ ಸರಿಯಾಯಿತು, ಜ್ವರ ಬಿಟ್ಟಿತು, ಊಟ ಸೇರುತ್ತಿತ್ತು. ಮತ್ತೆ ಕಾಲು ಯಾಕೆ ಹೋಗಬೇಕು?

ಒಂದು ಕಾರಣ, ಅಂಟು ಕಟ್ಟುವುದು ನಿಧಾನದ ಕೆಲಸ. ರೋಗಾಣು ಸಾಯತೊಡಗಿದ ಮೇಲೂ ಮೊದಲೇ ಇಳಿದ ಅಂಟು ಗಟ್ಟಿಯಾಗುತ್ತಾ ಎಳೆಯುತ್ತದೆ. ಇನ್ನೊಂದು ಕಾರಣ ಸ್ವಲ್ಪ ವಿಚಿತ್ರ. ಮದ್ದಿಗೆ ಸತ್ತ ರೋಗಾಣುಗಳು ಒಡೆದು ಅವುಗಳ ಚೂರು ನೀರಿಗೆ ಬೀಳುತ್ತವೆ. ಕಾಯಿಲೆಯಲ್ಲಿ ಸೊರಗಿದ್ದ ರೋಗನಿರೋಧಕ ಶಕ್ತಿ ಮೈ ಚೇತರಿಸಿದಾಗ ಎಚ್ಚೆತ್ತು, ಆ ಚೂರುಗಳ ಮೇಲೆ ಮುಗಿಬೀಳುತ್ತದೆ. ಬಾವು ಜಾಸ್ತಿಯಾಗುತ್ತದೆ. ಹೊಸ ಗಂಟುಗಳೂ ಕಾಣಿಸಬಹುದು. ಸುರಂಗದಂಥ ಇಕ್ಕಟ್ಟಿನ ಜಾಗದಲ್ಲಿ ಸ್ವಲ್ಪ ಬಾವು ಬಂದರೂ ಸಾಕು. ಮದ್ದು ಸುರುವಾದ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಯಾವಾಗ ಬೇಕಾದರೂ ಹೀಗಾಗಬಹುದು. ವೈದ್ಯರು ಇದನ್ನು ತಿರುಗುಮುರುಗು ಪ್ರತಿಕ್ರಿಯೆ ಎನ್ನುತ್ತಾರೆ. ರೋಗ ಸೋಲುತ್ತಿರುವಾಗ ರೋಗಿ ಸೋಲುವ ಹಾಗೆ ಕಾಣುವುದು.

ಇಲ್ಲಿ ಟಿಬಿ ಮಾತ್ರೆ ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಉಳಿದ ರೋಗಾಣುಗಳು ಮತ್ತೆ ತಲೆ ಎತ್ತುತ್ತವೆ, ಮದ್ದಿಗೆ ಬಗ್ಗದಂತೆ ಬದಲಾಗಲೂಬಹುದು. ಮಾತ್ರೆ ಮುಂದುವರಿಸುತ್ತಾ, ಬಾವು ಇಳಿಸಲು ಸ್ಟಿರಾಯ್ಡ್ ಕೊಡುವುದು ಅಥವಾ ಅದರ ಪ್ರಮಾಣ ಏರಿಸುವುದು ಸಾಮಾನ್ಯ ಕ್ರಮ. ಜೊತೆಗೆ, ರೋಗಾಣು ಮದ್ದಿಗೆ ಬಗ್ಗದ ಜಾತಿಯದೇ ಎಂದೂ ನೋಡಬೇಕು. ಸ್ಟಿರಾಯ್ಡ್ ಎಂದರೆ ನಮ್ಮವರಿಗೆ ಹೆದರಿಕೆ. ವಿಯೆಟ್ನಾಂನಲ್ಲಿ 545 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೆದುಳ ಪೊರೆಯ ಟಿಬಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಸೇರಿಸಿದಾಗ ಸಾವು ಕಡಿಮೆಯಾದದ್ದು ಖಚಿತವಾಗಿ ಕಂಡಿತು. ಉಳಿದವರ ಅಂಗವೈಕಲ್ಯ ಮಾತ್ರ ಹಾಗೆ ಕಡಿಮೆಯಾಗಲಿಲ್ಲ. ಅದೂ ತಿಳಿದಿರಲಿ. ಸ್ಟಿರಾಯ್ಡ್ ತೆಗೆದುಕೊಳ್ಳುವಾಗ ಸಕ್ಕರೆ ಪರೀಕ್ಷೆ ಬೇಕು, ಒಮ್ಮೆಲೇ ನಿಲ್ಲಿಸಬಾರದು, ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಮಾತ್ರೆಯಿಂದಲೇ ಕಾಲಿಗೆ ತೊಂದರೆ ಬರುವುದಿಲ್ಲವೇ ಎಂದರೆ, ಒಂದು ರೀತಿಯದು ಬರುತ್ತದೆ. ಟಿಬಿ ಮದ್ದುಗಳಲ್ಲೊಂದಾದ ಐಸೋನಿಯಜಿಡ್ ಮೈಯಲ್ಲಿರುವ ಬಿ6 ವಿಟಮಿನ್ನನ್ನು ಕಳೆಯುತ್ತದೆ. ಆಗ ಎರಡೂ ಪಾದದಲ್ಲಿ ಜುಂ ಅನ್ನುವುದು, ಉರಿ. ಅದಕ್ಕೇ ಪಿರಿಡಾಕ್ಸಿನ್ ಎಂಬ ಸಣ್ಣ ಮಾತ್ರೆ ಜೊತೆಗೆ ಕೊಡುವುದು. ಆದರೆ ಅದು ಮೂತ್ರ ಕಟ್ಟಿಸುವುದಿಲ್ಲ, ಸೊಂಟಕ್ಕೆ ಪಟ್ಟಿ ಬಿಗಿಯುವುದಿಲ್ಲ. ಮೂತ್ರ ಕೆಂಪಗಾದದ್ದಕ್ಕೆ ಹೆದರಬೇಡಿ, ಅದು ರಿಫಾಂಪಿಸಿನ್‌ನ ಬಣ್ಣ. ಎಥಾಂಬುಟಾಲ್ ತೆಗೆದುಕೊಳ್ಳುವಾಗ ಕಣ್ಣು ಮಂಜಾದರೆ, ಕೆಂಪು ಹಸಿರಿನ ವ್ಯತ್ಯಾಸ ತಿಳಿಯದಾದರೆ ಅದೇ ದಿನ ಹೇಳಬೇಕು. ಕಣ್ಣು ಹಳದಿಯಾದರೂ ಹಾಗೇ.

ಗೋಡೆ ಕುಸಿದಾಗ

ಟಿಬಿಯಿಂದ ಕಾಲು ಹೋದವರಲ್ಲಿ ದೊಡ್ಡ ಪಾಲು ಭಾವನಂಥವರದಲ್ಲ. ಅವರದು ಮೂಳೆಯ ಟಿಬಿ, ಸುರಂಗದ ಗೋಡೆಯ ಕಾಯಿಲೆ.

ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ಇದನ್ನು ವಿವರವಾಗಿ ಬರೆದ. ಬೆನ್ನು ಗೂನಾಗಿ ಕಾಲಿನ ಶಕ್ತಿ ಹೋದವರನ್ನು ಅವನು ಗಮನಿಸಿದ್ದ. ಈಗಲೂ ಪಾಟ್ಸ್ ಕಾಯಿಲೆ ಎನ್ನುವುದು ಅವನ ಹೆಸರಿನಿಂದಲೇ. ಟಿಬಿ ರೋಗಾಣುವನ್ನು ರಾಬರ್ಟ್ ಕಾಖ್ ಜಗತ್ತಿಗೆ ತೋರಿಸಿದ್ದು 1882ರ ಮಾರ್ಚ್ 24ರಂದು, ಪಾಟ್ ಬರೆದು 103 ವರ್ಷ ಕಳೆದ ಮೇಲೆ. ಕಾಯಿಲೆ ಮಾತ್ರ ಇಬ್ಬರಿಗಿಂತ ತುಂಬಾ ಹಳೆಯದು. ಈಜಿಪ್ಟಿನ ಒಬ್ಬ ಅರ್ಚಕನ ಮಮ್ಮಿಯಲ್ಲಿ ಕುಸಿದ ಬೆನ್ನುಮಣಿಗಳೂ ಪಕ್ಕದಲ್ಲಿ ಕೀವಿನ ಚೀಲದ ಗುರುತೂ ಸಿಕ್ಕಿವೆ.

ರೋಗಾಣು ಮಣಿಯ ಅಂಚಿನಲ್ಲಿ, ಇನ್ನೊಂದು ಮಣಿಯ ಮಗ್ಗುಲಲ್ಲಿ ಕೂರುತ್ತದೆ. ಅಕ್ಕಪಕ್ಕದ ಎರಡು ಮಣಿಗಳಿಗೆ ಒಂದೇ ರಕ್ತನಾಳದ ಕವಲು ಹೋಗುವುದರಿಂದ ಎರಡೂ ಒಟ್ಟಿಗೆ ಸವೆಯುತ್ತವೆ. ಸವೆಯುವುದು ಹೆಚ್ಚಾಗಿ ಮುಂಭಾಗ. ಮುಂದಿನ ಕಂಬ ಗೆದ್ದಲು ತಿಂದ ಮಾಡಿನ ಹಾಗೆ ಬೆನ್ನು ಮುಂದಕ್ಕೆ ಬಾಗಿ, ಹಿಂದೆ ಒಂದು ಗಂಟು ಎದ್ದು ಕಾಣುತ್ತದೆ. ಕೀವು ತುಂಬಿಕೊಂಡರೂ ಮುಟ್ಟಿದರೆ ಬಿಸಿ ಇಲ್ಲ, ಕೆಂಪು ಇಲ್ಲ. ಅದಕ್ಕೇ ತಣ್ಣನೆಯ ಕುರು ಎಂದು ಹೆಸರು. ಸೊಂಟದ ಕೀವು ಸ್ನಾಯುವಿನ ಜೊತೆ ಇಳಿದು ತೊಡೆಯ ಸಂದಿಯಲ್ಲಿ ಉಬ್ಬುತ್ತದೆ. ಹರ್ನಿಯಾ ಎಂದುಕೊಂಡು ಬರುವವರಿದ್ದಾರೆ.

ಎದೆಯ ಮಟ್ಟದಲ್ಲಿ ಸುರಂಗ ತುಂಬಾ ಇಕ್ಕಟ್ಟು. ಅಲ್ಲಿ ಕೀವೋ ಮೂಳೆಯ ಚೂರೋ ಹಿಂದಕ್ಕೆ ಬಂದರೆ ಹುರಿಗೆ ಸರಿಯಲು ಜಾಗವಿಲ್ಲ. ಒತ್ತುವುದು ಮುಂದಿನಿಂದ. ಆದ್ದರಿಂದ ಮೊದಲು ಕೆಡುವುದು ನಡಿಗೆ. ಕಾಲು ಸೆಟೆಯುತ್ತದೆ. ಪಾದವನ್ನು ಒಮ್ಮೆ ಮೇಲಕ್ಕೆ ತಳ್ಳಿ ಹಿಡಿದರೆ ಹೊಲಿಗೆ ಯಂತ್ರ ತುಳಿದ ಹಾಗೆ ತಾನಾಗಿ ಕುಣಿಯುತ್ತದೆ. ಅಂಗಾಲನ್ನು ಗೀರಿದರೆ ಹೆಬ್ಬೆರಳು ಕೆಳಗೆ ಮಡಚುವ ಬದಲು ಮೇಲೇಳುತ್ತದೆ. 1896ರಲ್ಲಿ ಬಾಬಿನ್ಸ್ಕಿ ಹೇಳಿದ ಗುರುತು ಇದು, ಒಂದು ಬೀಗದ ಕೈ ಇದ್ದರೆ ಸಾಕು ನೋಡಲು. ಸ್ಪರ್ಶ ಹೋಗುವುದು ಆಮೇಲೆ. ಮಲ ಮೂತ್ರದ ಹಿಡಿತ ತಪ್ಪುವುದು ಕೊನೆಗೆ. ಭಾವನ ಹಾಗೆ ಅಂಟಿನ ಕಾಯಿಲೆಯಲ್ಲಿ ಈ ಸಾಲು ಅದಲುಬದಲಾಗಿ, ಮೂತ್ರವೇ ಮೊದಲು ಕಟ್ಟಬಹುದು. ಬೇರುಗಳಿಗೆ ಪೆಟ್ಟಾದರೆ ಕಾಲು ಸೆಟೆಯುವ ಬದಲು ಜೋಲುತ್ತದೆ. ಎರಡೂ ಒಟ್ಟಿಗೆ ಇದ್ದಾಗ ಹೊಸ ಡಾಕ್ಟರುಗಳಿಗೂ ತಲೆ ತಿರುಗುತ್ತದೆ.

ನಮ್ಮ ಕಡೆ ಇದು ತಡವಾಗಿ ಗೊತ್ತಾಗುವುದಕ್ಕೆ ಕಾರಣ ಇದೆ. ಇಲ್ಲಿ ಬೆನ್ನುನೋವಿಗೆ ಬೇಕಾದಷ್ಟು ನೆಪ. ಗೊನೆ ಹೊತ್ತದ್ದು, ಮದ್ದಿನ ಪಂಪು ಎಳೆದದ್ದು, ಹುಲ್ಲಿನ ಹೊರೆ, ಮರದಿಂದ ಬಿದ್ದ ಹಳೆಯ ಪೆಟ್ಟು. ಎಣ್ಣೆ ಹಚ್ಚಿ ಉಜ್ಜಿಸುತ್ತಾರೆ. ಮೂಳೆ ಸವೆದ ಬೆನ್ನನ್ನು ಉಜ್ಜಿ ಎಳೆದರೆ ಏನಾಗುತ್ತದೆ ಎಂದು ಯೋಚಿಸಿ. ಇನ್ನು ನರದ ಕಾಯಿಲೆ ಅಂದ ಕೂಡಲೇ ಎಣ್ಮಕಜೆ ಕಡೆಯವರಿಗೆ ಎಂಡೋಸಲ್ಫಾನ್ ಕೀಟನಾಶಕ ನೆನಪಾಗುತ್ತದೆ. ಆ ನೋವು ಸಣ್ಣದಲ್ಲ. ಆದರೆ ಅದೇ ನೆನಪಿನಲ್ಲಿ, ಮದ್ದಿಗೆ ಬಗ್ಗುವ ಕಾಯಿಲೆಯೊಂದು ಕೈತಪ್ಪಿ ಹೋಗಬಾರದು. ಕ್ಷಯ ಎಂಬ ಶಬ್ದವೂ ದಾರಿ ತಪ್ಪಿಸುತ್ತದೆ. ಕೆಮ್ಮಬೇಕು, ಸೊರಗಬೇಕು ಎಂದು ಎಲ್ಲರ ಲೆಕ್ಕ. ಬೆನ್ನಿನ ಟಿಬಿಯವರಲ್ಲಿ ಕೆಮ್ಮೇ ಇಲ್ಲದವರು ಎಷ್ಟೋ ಮಂದಿ. ಮಲಗಿದರೂ ಬಿಡದ, ರಾತ್ರಿ ಎಬ್ಬಿಸುವ, ಆರು ವಾರ ದಾಟಿದ ಬೆನ್ನುನೋವಿಗೆ ಎಣ್ಣೆಗಿಂತ ಮೊದಲು ಒಂದು ಸ್ಕ್ಯಾನ್ ಬೇಕು. ಎಕ್ಸ್‌ರೇ ನಂಬಿ ಕೂರಬೇಡಿ. ಮಣಿಯ ಸುಣ್ಣದಂಶ ಮೂರರಲ್ಲಿ ಒಂದು ಪಾಲಾದರೂ ಹೋಗುವವರೆಗೆ ಅದರಲ್ಲಿ ಸವೆತ ಸರಿಯಾಗಿ ಕಾಣುವುದಿಲ್ಲ. ಎಂಆರ್‌ಐ ಅದಕ್ಕಿಂತ ಎಷ್ಟೋ ಮೊದಲೇ ಹಿಡಿಯುತ್ತದೆ. ಮಾಡಿಸುವುದಾದರೆ ಪೂರ್ತಿ ಬೆನ್ನಿನದ್ದು ಮಾಡಿಸಬೇಕು. ನೋವು ಸೊಂಟದಲ್ಲಿದ್ದು ಕಾಯಿಲೆ ಎದೆಯ ಮಟ್ಟದಲ್ಲಿರುವುದುಂಟು.

ಆಪರೇಷನ್ ಬೇಕೇ? ಒಂದು ಕಾಲದಲ್ಲಿ ಕಾಲು ಹೋದವರನ್ನೆಲ್ಲ ಕೊಯ್ಯಬೇಕು ಎನ್ನುವವರಿದ್ದರು, ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಮಲಗಿಸುವವರೂ ಇದ್ದರು. ವಾರಾಣಸಿಯ ಡಾಕ್ಟರ್ ಎಸ್. ಎಂ. ತೂಲಿ 1975ರಲ್ಲಿ ನಡುವಿನ ದಾರಿಯೊಂದರ ಫಲಿತಾಂಶ ಪ್ರಕಟಿಸಿದರು. ಮೊದಲು ಮದ್ದು ಮತ್ತು ವಿಶ್ರಾಂತಿ. ಅದಕ್ಕೆ ಬಗ್ಗದವರಿಗೆ, ಕೆಡುತ್ತಲೇ ಹೋಗುವವರಿಗೆ ಮಾತ್ರ ಚಾಕು. ಅದು ಹೊರಗಿನ ದೇಶಗಳಿಗೂ ಪಾಠವಾಯಿತು. ಕಾಲು ವೇಗವಾಗಿ ಬೀಳುತ್ತಿದ್ದರೆ, ದೊಡ್ಡ ಕೀವು ಒತ್ತುತ್ತಿದ್ದರೆ, ಬೆನ್ನು ಅಲುಗುವಷ್ಟು ಸಡಿಲವಾಗಿದ್ದರೆ ಕಾಯಬಾರದು. ಭಾವನಂಥ ಅಂಟಿನ ಕಾಯಿಲೆಗೆ ಮಾತ್ರ ಚಾಕು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಮೇಣ ಅಂಟಿದ ಎಳೆಗಳನ್ನು ಬಿಡಿಸಲು ಹೋದರೆ ಎಳೆಯೇ ಹರಿಯುತ್ತದೆ.

ಗೂನು ಜಾಸ್ತಿಯಿದ್ದವರಿಗೆ, ಅದರಲ್ಲೂ ಬೆಳೆಯುವ ಮಕ್ಕಳಿಗೆ, ಟಿಬಿ ವಾಸಿಯಾಗಿ ಎಷ್ಟೋ ವರ್ಷದ ಮೇಲೆ ಕಾಲು ಹೋಗಬಹುದು. ರೋಗ ಮರಳಿದ್ದಲ್ಲ, ಒಳಗಿನ ಮೂಳೆಯ ದಿಣ್ಣೆಯ ಮೇಲೆ ಹುರಿ ಎಳೆದುಕೊಂಡು ಸವೆದದ್ದು. ಹುರಿಯೊಳಗೇ ಟಿಬಿ ಗಂಟು ಬೆಳೆಯುವುದೂ ಇದೆ, ಅಪರೂಪಕ್ಕೆ. ರಕ್ತನಾಳ ಕಟ್ಟಿ ಒಂದೇ ದಿನದಲ್ಲಿ ಎರಡೂ ಕಾಲು ಬೀಳುವುದೂ ಇದೆ. ವರ್ಷಗಳ ನಂತರ ಹುರಿಯ ನಡುವೆ ನೀರಿನ ಕುಳಿ ಹುಟ್ಟಿ, ಕೈಗೆ ಬಿಸಿ ತಣ್ಣನೆ ತಿಳಿಯದಾಗಿ, ಒಲೆಯ ಪಾತ್ರೆ ಮುಟ್ಟಿ ಸುಟ್ಟದ್ದೂ ಗೊತ್ತಾಗದವರಿದ್ದಾರೆ.

ಗಡಿಯ ಆಚೆ ಈಚೆ

ಮೂರನೇ ದಿನ ನಾನು ಸಣ್ಣತ್ತೆಯ ಎದುರು ಕೂತು, ಒಂದು ತೆಂಗಿನ ಹುರಿಹಗ್ಗ ತಂದು, ಅದರ ತುದಿ ಬಿಚ್ಚಿ ಎಳೆ ಎಳೆ ಮಾಡಿ ತೋರಿಸಿದೆ. ಇಲ್ಲಿವರೆಗೆ ಹಗ್ಗ, ಇಲ್ಲಿಂದ ಕೆಳಗೆ ನಾರು ಮಾತ್ರ, ಸೂಜಿ ಹೋದದ್ದು ಈ ನಾರಿನ ನಡುವೆ ಎಂದೆ. ಅವರು ತುಂಬಾ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ ಕಪಾಟಿನ ಬೀಗದ ಕೈ ಕೊಟ್ಟರು. ಮಂಗಳೂರಿನಲ್ಲಿ ಎರಡನೇ ಸಲ ನೀರು ತೆಗೆಯುವ ಮೊದಲು ಒಪ್ಪಿಗೆ ಪತ್ರ ಬಂದಾಗ, ಅದಕ್ಕೆ ಸಹಿ ಹಾಕಿದ್ದೂ ಅವರೇ. ನೀರು ಹಳದಿ ಇತ್ತು.

ಶ್ವಾಸಕೋಶದ ಟಿಬಿಗೆ ಸಾಮಾನ್ಯವಾಗಿ ಆರು ತಿಂಗಳ ಮದ್ದು. ಮೆದುಳು, ಬೆನ್ನಿನದ್ದಕ್ಕೆ 9ರಿಂದ 12 ತಿಂಗಳು, ಬೇಕಾದರೆ ಇನ್ನೂ ಮುಂದೆ. ರಿಫಾಂಪಿಸಿನ್, ಎಥಾಂಬುಟಾಲ್ ಬೆನ್ನಿನ ನೀರಿಗೆ ಸರಿಯಾಗಿ ಇಳಿಯುವುದಿಲ್ಲ, ಐಸೋನಿಯಜಿಡ್, ಪೈರಜಿನಮೈಡ್ ಚೆನ್ನಾಗಿ ಇಳಿಯುತ್ತವೆ. ಇಷ್ಟು ದಿನ ಎಳೆಯುವುದಕ್ಕೆ ಅದೂ ಒಂದು ಕಾರಣ. ಅಷ್ಟು ತಿಂಗಳು ಮಂಗಳೂರಿಗೆ ಓಡಾಡಲು ಯಾರಿಂದ ಆಗುತ್ತದೆ? 2020ರ ಮಾರ್ಚ್‌ನಲ್ಲಿ ಕೊರೋನಾದ ಹೊತ್ತಿಗೆ ರಾಜ್ಯದ ಗಡಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಏನಾಯಿತೆಂದು ನಮಗೆಲ್ಲ ಗೊತ್ತೇ ಇದೆ. ಕರ್ನಾಟಕದಲ್ಲಿ ಟಿಬಿ ಎಂದು ಗೊತ್ತಾದರೂ ಮಾತ್ರೆಯನ್ನು ಕೇರಳದ ನಿಮ್ಮ ಆರೋಗ್ಯ ಕೇಂದ್ರದಿಂದಲೇ ಪಡೆಯಬಹುದು. ನಿಕ್ಷಯ್ ಎಂಬ ಸರಕಾರದ ಟಿಬಿ ನೋಂದಣಿ ಇಡೀ ದೇಶಕ್ಕೆ ಒಂದೇ, ಹೆಸರನ್ನು ವರ್ಗಾಯಿಸಿದರೆ ಸಾಕು. ಮದ್ದು ಉಚಿತ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ ಬರುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರಿನಿಂದ 1000 ಮಾಡಿದ್ದಾರೆ. ಕಾಗದ ಮಲಯಾಳದಲ್ಲಿದ್ದರೆ ನಾಚಿಕೆ ಬೇಡ, ಆಶಾ ಕಾರ್ಯಕರ್ತೆಯ ಹತ್ತಿರ ಓದಿಸಿಕೊಳ್ಳಿ.

ಬೆನ್ನಿನ ಟಿಬಿ, ಮೆದುಳ ಪೊರೆಯ ಟಿಬಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಶ್ವಾಸಕೋಶದಲ್ಲೂ ಇದ್ದರೆ ಮಾತ್ರ ಹರಡುತ್ತದೆ. ಬೇರೆ ತಟ್ಟೆ, ಬೇರೆ ಚಾಪೆ ಬೇಡ. ಆದರೆ ಅವರಿಗೆ ಯಾರದೋ ಕೆಮ್ಮಿನಿಂದ ಬಂದಿರಬೇಕಲ್ವಾ? ಮನೆಯವರೆಲ್ಲರ ಪರೀಕ್ಷೆ ಆಗಬೇಕು. ಹುಟ್ಟಿದ ಮಗುವಿಗೆ ಹಾಕುವ ಬಿಸಿಜಿ ಚುಚ್ಚುಮದ್ದು ಮಕ್ಕಳನ್ನು ಮೆದುಳ ಪೊರೆಯ ಟಿಬಿಯಿಂದ ಕಾಯುವುದರಲ್ಲಿ ಒಳ್ಳೆಯದು, ದೊಡ್ಡವರನ್ನು ಅಷ್ಟು ಕಾಯುವುದಿಲ್ಲ.

ಕೇರಳದಲ್ಲಿರುವುದರ ಒಂದು ದೊಡ್ಡ ಲಾಭ ನಮಗೆ ಆಗ ಗೊತ್ತಾಯಿತು. 2008ರಲ್ಲಿ ಈ ರಾಜ್ಯ ಸಾಂತ್ವನ ಚಿಕಿತ್ಸೆಗೆ ನೀತಿಯೊಂದನ್ನು ತಂದಿತ್ತು. ಪಂಚಾಯತಿನ ಪ್ಯಾಲಿಯೇಟಿವ್ ಸಿಸ್ಟರ್ ಜೀಪಿನಲ್ಲಿ ಮನೆಗೇ ಬಂದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಹಾಸಿಗೆ ಹುಣ್ಣು ಎಲುಬಿನವರೆಗೆ ಹೋಗುತ್ತದೆ ಎಂದು ಅತ್ತೆಗೆ ಕಲಿಸಿದ್ದು ಅವರು. ಸ್ಪರ್ಶವಿಲ್ಲದ ಕಾಲಿಗೆ ಬಿಸಿನೀರಿನ ಶೇಕ ಕೊಡಬಾರದು ಎಂದದ್ದೂ ಅವರೇ. ಅತ್ತೆ ಆಗಲೇ ನೀರು ಕಾಯಿಸಿ ಇಟ್ಟಿದ್ದರು. ಇನ್ನೊಂದು ಸಂಗತಿ, ಮೂತ್ರದ ನಳಿಕೆಯನ್ನು ತಾನೇ ಹಾಕಿ ತೆಗೆಯುವುದು. ಮೂತ್ರ ಒಳಗೆ ಉಳಿದರೆ ಸೋಂಕು ಮೇಲೇರಿ ಕಿಡ್ನಿ ಹೋಗುತ್ತದೆ. ನಾಲ್ಕೈದು ಗಂಟೆಗೊಮ್ಮೆ ಖಾಲಿ ಮಾಡಲೇಬೇಕು. ಇದಕ್ಕೆ ಆಸ್ಪತ್ರೆಯ ಮಟ್ಟದ ಶುದ್ಧಿ ಬೇಡ, ಸೋಪು ಹಾಕಿ ಕೈ ತೊಳೆದರೆ ಸಾಕು ಎಂದು 1972ರಲ್ಲಿ ಅಮೆರಿಕದ ಡಾಕ್ಟರ್ ಜ್ಯಾಕ್ ಲ್ಯಾಪಿಡಿಸ್ ತೋರಿಸಿದ ಮೇಲೆ ಎಷ್ಟೋ ಜನ ಮನೆಯಲ್ಲೇ ಬದುಕುವ ಹಾಗಾಯಿತು.

ಭಾವನಿಗೆ ಎಂಟನೇ ತಿಂಗಳಲ್ಲಿ ಕೋಲು ಹಿಡಿದು ಅಂಗಳ ದಾಟಲು ಬಂತು. ಈಗ ಮಾತ್ರೆ ಮುಗಿದಿದೆ. ತೋಟದ ಮೇಲಿನ ಕಟ್ಟದವರೆಗೆ ಹೋಗುತ್ತಾನೆ, ಇಳಿಜಾರಿನಲ್ಲಿ ಯಾರಾದರೂ ಕೈ ಹಿಡಿಯಬೇಕು. ಮೂತ್ರಕ್ಕೆ ಇನ್ನೂ ನಳಿಕೆ ಬೇಕು, ದಿನಕ್ಕೆ ಎರಡು ಸಲ. ಮೊದಲು ಐದು ಸಲ ಇತ್ತು. ಪ್ರತಿ ಸಲದ ಅಳತೆಯನ್ನೂ ಬರೆದಿಡುತ್ತಾನೆ, ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ. ಮೊನ್ನೆ ಅಡಿಕೆ ಕೊಳ್ಳಲು ಬಂದವರು ಪುಸ್ತಕವನ್ನು ತಲೆಕೆಳಗಾಗಿ ತೆರೆದು, "ಇದೇನು, ಬೆಳಿಗ್ಗೆ 350, ರಾತ್ರಿ 300?" ಎಂದು ಕೇಳಿದರಂತೆ.